ಗಾರೆಯಿಲ್ಲದ ಛಾವಣಿ: ಹಾನಗಲ್ಲಿನಲ್ಲಿ ಒಂದು ದಿನ

ಹಾನಗಲ್ ಬಸ್ ನಿಲ್ದಾಣ ನಮ್ಮ ಕಾಲೇಜಿನ ಎಲ್ಲರಿಗೂ ಗೊತ್ತು. ಜಾತಿ-ಆದಾಯ ಪ್ರಮಾಣಪತ್ರಕ್ಕಾಗಿ ಅಲ್ಲಿನ ತಹಶೀಲ್ದಾರ್ ಕಚೇರಿಗೆ ಎರಡು ಮೂರು ಸಲ ಅಲೆದವರೂ ನಮ್ಮಲ್ಲಿದ್ದಾರೆ. ಆದರೆ ತಾರಕೇಶ್ವರ ದೇವಸ್ಥಾನದ ಒಳಗೆ ಹೋಗಿ ತಲೆ ಎತ್ತಿ ನೋಡಿದವರು ಎಷ್ಟು ಮಂದಿ ಎಂದು ತರಗತಿಯಲ್ಲಿ ಕೇಳಿದಾಗ ಐದು ಕೈ ಮಾತ್ರ ಮೇಲೆದ್ದವು. ಹಾಗಾಗಿ ಕಳೆದ ತಿಂಗಳು ವಾಣಿಜ್ಯ ವಿಭಾಗದ ನಾವು ಹದಿನಾಲ್ಕು ಮಂದಿ, ಇಬ್ಬರು ಉಪನ್ಯಾಸಕರ ಜೊತೆ ಬೆಳಗಿನ ಬಸ್ ಹತ್ತಿದೆವು.

ಶಾಸನಗಳಲ್ಲಿ ಹಾನಗಲ್ಲಿನ ಹೆಸರು ಪಾನುಂಗಲ್ಲು. ‘ಪಾನುಂಗಲ್ಲು ಐನೂರು’ ಎಂಬ ನಾಡಿಗೆ ಇದೇ ರಾಜಧಾನಿ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಮಹಾಭಾರತದ ವಿರಾಟನಗರ ಇದೇ ಎಂಬ ನಂಬಿಕೆಯೂ ಹಳೆಯದು, ಊರಲ್ಲಿ ಕುಂತಿಯ ಹೆಸರಿನ ದಿಬ್ಬವೂ ಇದೆ. ಕಥೆ ಕಥೆಯಾಗಿರಲಿ, ನಾವು ನೋಡಲು ಹೋದದ್ದು ಕಲ್ಲು.

ತಾರಕೇಶ್ವರ ದೇವಸ್ಥಾನ ಈಗ ಇರುವ ರೂಪದಲ್ಲಿ 12ನೇ ಶತಮಾನದ್ದು. ಕಟ್ಟಿರುವುದು ಬಳಪದ ಕಲ್ಲಿನಿಂದ. ಚಿಕ್ಕವರಿದ್ದಾಗ ಪಾಟಿಯ ಮೇಲೆ ಗೀಚುತ್ತಿದ್ದ ಬಳಪದ ಜಾತಿಯದೇ ಕಲ್ಲು, ಆದರೆ ಗಟ್ಟಿ. ನುಣುಪಾದ ಕಣದ ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಇಷ್ಟು ಸಣ್ಣ ಕೆಲಸ ಮಾಡುವುದು ಕಷ್ಟ. ಕಂಬಗಳನ್ನಂತೂ ತಿರುಗಿಸುತ್ತಾ ಕಡೆದಿದ್ದಾರೆ. ಅವುಗಳ ಮೇಲಿನ ಉಂಗುರಗಳು ಎಷ್ಟು ಸಮನಾಗಿವೆ ಎಂದರೆ, ನಮ್ಮಲ್ಲೊಬ್ಬ ‘ಇದು ಲೇಥ್ ಮಿಷನ್ ಕೆಲಸ’ ಎಂದು ವಾದಕ್ಕೇ ನಿಂತ. ಅವನ ಮಾತು ಪೂರ್ತಿ ಸುಳ್ಳಲ್ಲ. ಮಿಷನ್ ಇರಲಿಲ್ಲ, ಉಪಾಯ ಅದೇ.

ಈಗ ಮುಖ್ಯ ಸಂಗತಿ. ಮಂಟಪದ ನಡುವೆ ನಿಂತು ಮೇಲೆ ನೋಡಿದರೆ ಎಂಟು ಮೂಲೆಯ ದೊಡ್ಡ ಛಾವಣಿ ಕಾಣುತ್ತದೆ. ಒಂದರ ಮೇಲೊಂದು ಸುತ್ತುಗಳು ಮೇಲೇರುತ್ತಾ ಕಿರಿದಾಗುತ್ತವೆ, ನಟ್ಟನಡುವೆ ಕಲ್ಲಿನ ಕಮಲ ತೂಗುತ್ತದೆ. ಸಿಮೆಂಟಿಲ್ಲ, ಗಾರೆಯಿಲ್ಲ. ಹಾಗಾದರೆ ಬೀಳುವುದಿಲ್ಲ ಏಕೆ?

ಮೇಜಿನ ಅಂಚಿನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇಡಿ. ಸ್ವಲ್ಪ ಹೊರಗೆ ತಳ್ಳಿ. ಅರ್ಧಕ್ಕಿಂತ ಹೆಚ್ಚು ಮೇಜಿನ ಮೇಲಿದ್ದರೆ ಅದು ಬೀಳುವುದಿಲ್ಲ. ಅದರ ಹಿಂಭಾಗದ ಮೇಲೆ ಭಾರ ಹೇರಿದರೆ ಇನ್ನಷ್ಟು ಹೊರಗೆ ಚಾಚಬಹುದು. ಈ ಛಾವಣಿಯ ಲೆಕ್ಕವೂ ಅಷ್ಟೇ. ಕಂಬಗಳ ಮೇಲೆ ತೊಲೆಗಳು, ಅವುಗಳ ಮೇಲೆ ಮೊದಲ ಸುತ್ತಿನ ಕಲ್ಲುಗಳು. ಪ್ರತಿ ಸುತ್ತೂ ಕೆಳಗಿನದಕ್ಕಿಂತ ಸ್ವಲ್ಪ ಒಳಗೆ ಚಾಚಿದೆ, ಮೇಲಿನ ಭಾರ ಅದರ ಬೆನ್ನನ್ನು ಒತ್ತಿ ಹಿಡಿದಿದೆ. ಒಂದು ಸುತ್ತಿನ ಕಲ್ಲುಗಳು ಪಕ್ಕಪಕ್ಕದಲ್ಲಿ ಬಿಗಿಯಾಗಿ ಕೂತಿರುವುದರಿಂದ ಒಂದು ಮುಂದಕ್ಕೆ ಜಾರಲು ಹೋದರೆ ಎರಡೂ ಕಡೆಯವು ತಡೆಯುತ್ತವೆ.

ವಿಜಯಪುರದ ಗೋಲಗುಮ್ಮಟದ ಉಪಾಯ ಬೇರೆ. ಮುಹಮ್ಮದ್ ಆದಿಲ್ ಶಾಹನ ಆ ಗೋರಿಯ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ, ನಡುವೆ ಒಂದು ಕಂಬವೂ ಇಲ್ಲ. ಅಲ್ಲಿ ಒಂದನ್ನೊಂದು ಹಾಯುವ ಕಮಾನುಗಳು ಭಾರ ಹೊರುತ್ತವೆ, ಇಟ್ಟಿಗೆಗೆ ಗಾರೆಯ ಬೆಸುಗೆ ಇದೆ. ಕಮಾನು, ಗುಮ್ಮಟ ಯಾವಾಗಲೂ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ, ಅದಕ್ಕೇ ಅಷ್ಟು ದಪ್ಪ ಗೋಡೆ. ಹಾನಗಲ್ಲಿನ ಛಾವಣಿಯ ಭಾರ ಹೆಚ್ಚಾಗಿ ನೇರ ಕೆಳಕ್ಕೇ ಇಳಿಯುತ್ತದೆ. ಅದನ್ನು ತಡೆಯಲು ಗೋಡೆ ಬೇಡ, ಕಂಬ ಸಾಕು. ಆದರೆ ಕಲ್ಲು ಚಾಚುವುದಕ್ಕೆ ಮಿತಿ ಇದೆ, ಆದ್ದರಿಂದ ಇಂಥ ಮಂಟಪಗಳಲ್ಲಿ ಕಾಲಿಟ್ಟಲ್ಲೆಲ್ಲ ಕಂಬ. ಎರಡರಲ್ಲಿ ಯಾವುದು ಹೆಚ್ಚು ಎಂಬ ಚರ್ಚೆ ಬಸ್ಸಿನಲ್ಲಿ ಬಹಳ ನಡೆಯಿತು. ನನಗದು ದಂಡದ ಚರ್ಚೆ ಅನ್ನಿಸಿತು. ಎರಡೂ ನಿಂತಿವೆಯಲ್ಲ.

ನಮ್ಮ ಅಬ್ಬಾ ಗೌಂಡಿ ಕೆಲಸ ಮಾಡುತ್ತಾರೆ. ಮೊಬೈಲಿನಲ್ಲಿ ಫೋಟೋ ತೋರಿಸಿದಾಗ ಅವರು ಕಮಲವನ್ನು ಬಿಟ್ಟು ಹೊರಗಿನ ಇಳಿಜಾರು ಕಲ್ಲನ್ನೇ ನೋಡಿದರು. ‘ಸಜ್ಜಾ ಎಷ್ಟು ಹೊರಗೆ ಬಂದಿದೆ ನೋಡು, ಮಳೆ ಕಂಬಕ್ಕೆ ತಾಗೋದಿಲ್ಲ’ ಎಂದರು. ನಾವು ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

ವಾಣಿಜ್ಯದವರಾದ ನಮಗೆ ಇನ್ನೊಂದು ಪ್ರಶ್ನೆ ಇತ್ತು: ಇದಕ್ಕೆ ಹಣ ಕೊಟ್ಟವರು ಯಾರು? ಉತ್ತರ ಅರ್ಧ ಶಾಸನದಲ್ಲಿದೆ, ಅರ್ಧ ಕೆರೆಯಲ್ಲಿದೆ. ಆ ಕಾಲದ ದಾನಶಾಸನ ಒಂದು ಲೆಕ್ಕಪತ್ರವೇ. ಯಾರ ಆಳ್ವಿಕೆ, ಯಾವ ದಿನ, ಯಾರು ಕೊಟ್ಟರು, ಎಷ್ಟು ಮತ್ತರು ಭೂಮಿ, ನಾಲ್ಕು ದಿಕ್ಕಿನ ಗಡಿ, ಎಲ್ಲವೂ ಇರುತ್ತದೆ. ಹಣದ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ. ದೀಪದ ಎಣ್ಣೆಗೆ, ಊಟಕ್ಕೆ, ಒಡೆದದ್ದರ ದುರಸ್ತಿಗೆ ಎಂದು ಉದ್ದೇಶವನ್ನೂ ಬರೆಯುತ್ತಿದ್ದರು. ಲಾಭರಹಿತ ಸಂಸ್ಥೆಗಳ ಲೆಕ್ಕದಲ್ಲಿ ದತ್ತಿ ನಿಧಿ ಬರುತ್ತದಲ್ಲ, ಅದೇ ಇದು. ಮೂಲಧನ ಮುಟ್ಟುವಂತಿಲ್ಲ, ಹುಟ್ಟುವಳಿಯಿಂದ ಖರ್ಚು. ಕೊನೆಯಲ್ಲಿ, ಇದನ್ನು ಕೆಡಿಸಿದವರಿಗೆ ಶಾಪ. ನಮ್ಮ ಲೆಕ್ಕಶಾಸ್ತ್ರದ ಸರ್ ‘ಆಗಿನ ಆಡಿಟರ್ ಶಾಪವೇ’ ಎಂದು ನಗಿಸಿದರು.

ಕೊಟ್ಟ ಭೂಮಿ ಬೆಳೆ ಕೊಡಬೇಕಾದರೆ ನೀರು ಬೇಕು. ಹಾನಗಲ್ಲಿನ ಆನಿಕೆರೆಯ ದಂಡೆಯ ಮೇಲೆ ನಿಂತಾಗ ಈ ಸಂಬಂಧ ಹೊಳೆಯುತ್ತದೆ. ನಮ್ಮದು ಭತ್ತದ ಸೀಮೆ, ನಮ್ಮೂರಿನ ಹೆಸರಲ್ಲೇ ಅಕ್ಕಿ ಇದೆ. ಮಳೆನೀರನ್ನು ಕೆರೆಗಳಲ್ಲಿ ಹಿಡಿದಿಟ್ಟದ್ದರಿಂದ ಗದ್ದೆ, ಗದ್ದೆಯಿಂದ ದಾನ, ದಾನದಿಂದ ಈ ಕಲ್ಲಿನ ಕಮಲ. ಕೆರೆಯ ದುರಸ್ತಿಗೂ ‘ಬಿತ್ತುವಟ್ಟ’ ಎಂದು ಭೂಮಿ ಬಿಡುತ್ತಿದ್ದರು. ಇಂದು ತಾಲ್ಲೂಕಿನ ಅನೇಕ ಕೆರೆಗಳಿಗೆ ಧರ್ಮಾ ಜಲಾಶಯದ ಕಾಲುವೆಯಿಂದ ನೀರು ಬರುತ್ತದೆ. ಹೂಳು ತೆಗೆಯಲು ಮಾತ್ರ ಬಿತ್ತುವಟ್ಟ ಇಲ್ಲ, ಯೋಜನೆ ಮಂಜೂರಾಗುವವರೆಗೆ ಕಾಯಬೇಕು.

ಊರಿನ ಯುದ್ಧಗಳ ನೆನಪೂ ಕಲ್ಲಿನಲ್ಲೇ ಉಳಿದಿದೆ. 1196ರಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಸೇನಾಪತಿ ಸೋಹಣಿ ಹೋರಾಡಿ ಮಡಿದ. ಬಲ್ಲಾಳ ಆ ಸಲ ಹಿಂದೆ ಸರಿಯಬೇಕಾಯಿತು. ಇಲ್ಲಿನ ವೀರಗಲ್ಲುಗಳಲ್ಲಿ ಕುದುರೆ, ಆನೆ, ಬಿಲ್ಲುಗಾರರನ್ನು ಹತ್ತಿರದಿಂದ ನೋಡಬಹುದು. ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಬೇಕು: ಯುದ್ಧ, ಆಮೇಲೆ ಸ್ವರ್ಗ.

ಬೇಸರ ತಂದದ್ದು ಒಂದೇ. ಬಳಪದ ಕಲ್ಲು ಶಿಲ್ಪಿಗೆ ಮೆದುವಾದಂತೆ ಮೊಳೆ ಹಿಡಿದವರಿಗೂ ಮೆದು. ಕೈಗೆಟುಕುವ ಎತ್ತರದಲ್ಲಿ ಗೀಚಿದ ಹೆಸರುಗಳಿವೆ. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 1958ರ ಕಾಯ್ದೆಯಂತೆ ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಹೋಗುವವರು ಬೆಳಿಗ್ಗೆಯೇ ಹೋಗಿ, ಒಳಗೆ ಬೆಳಕು ಚೆನ್ನಾಗಿರುತ್ತದೆ. ಆವರಣದ ಪುಟ್ಟ ಗಣಪತಿ ಗುಡಿಯನ್ನೂ ಬಿಡಬೇಡಿ, ಅದರ ಶಿಖರ ಉತ್ತರ ಭಾರತದ ಶೈಲಿಯದು. ಮುಂದಿನ ಸಲ ನಾವು ನಮ್ಮದೇ ತಾಲ್ಲೂಕಿನ ನರೇಗಲ್ಲಿನ ಸರ್ವೇಶ್ವರ ದೇವಸ್ಥಾನಕ್ಕೆ ಹೋಗುತ್ತಿದ್ದೇವೆ. ಬರುವವರು ಹೆಸರು ಬರೆಯಲು ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿಸಿದ್ದೇವೆ.