ನಾಳೆ ಸೋರುವ ಪೈಪಿಗೆ ಇಂದೇ ಪರಿಹಾರ: ಏನಿದು ಸಾಮೂಹಿಕ ರಾಜಿ?

ಬೆಂಗಳೂರು: ಗೋಡೆಯೊಳಗಿನ ನೀರಿನ ಪೈಪು ಇನ್ನೂ ಸೋರಿಲ್ಲ. ಆದರೆ ಅದೇ ಕಂಪನಿಯ, ಅದೇ ಕಾಲದ ಪೈಪು ನೆರೆಮನೆಯಲ್ಲಿ ಒಡೆದು ಗೋಡೆ, ನೆಲ, ಪೀಠೋಪಕರಣಗಳೆಲ್ಲ ಹಾಳಾಗಿವೆ. ಇಂದಲ್ಲ ನಾಳೆ ತನ್ನ ಮನೆಗೂ ಅದೇ ಗತಿ ಎಂಬುದು ಮಾಲೀಕನಿಗೆ ಖಚಿತವಾಗಿದೆ. ಇನ್ನೂ ಆಗದ ನಷ್ಟಕ್ಕೆ ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶವಿದೆಯೇ? ನಷ್ಟವಾಗಲಿ ಎಂದು ಕಾದು ಕುಳಿತರೆ ದೂರು ನೀಡುವ ಕಾಲಮಿತಿಯೇ ಮೀರಿ ಹೋಗುವುದಿಲ್ಲವೇ?

ಈ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯಗಳು ಕಂಡುಕೊಂಡಿರುವ ಒಂದು ಉತ್ತರವೇ ಸಾಮೂಹಿಕ ದಾವೆಯ ರಾಜಿ ಒಪ್ಪಂದ. ಒಂದೇ ಬಗೆಯ ದೋಷಕ್ಕೆ ಒಳಗಾದವರ ಪರವಾಗಿ ಕೆಲವರು ದಾವೆ ಹೂಡುತ್ತಾರೆ. ಕಂಪನಿ ರಾಜಿಗೆ ಒಪ್ಪಿ ಒಂದು ನಿಧಿ ಸ್ಥಾಪಿಸುತ್ತದೆ. ಈಗಾಗಲೇ ಪೈಪು ಸೋರಿದವರಿಗಷ್ಟೇ ಅಲ್ಲ, ಮುಂದೆ ಸೋರುವವರಿಗೂ ಆ ನಿಧಿಯಿಂದ ಹಣ ಸಿಗುತ್ತದೆ. ಪ್ರತಿಯಾಗಿ ಅವರೆಲ್ಲರೂ ಕಂಪನಿಯ ವಿರುದ್ಧ ಪ್ರತ್ಯೇಕವಾಗಿ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡುತ್ತಾರೆ. ಒಪ್ಪಂದ ಬೇಡ ಎನ್ನುವವರು ನಿಗದಿತ ದಿನದೊಳಗೆ ಹೊರಗುಳಿಯಬಹುದು. ಮೌನವಾಗಿದ್ದವರು ಒಳಗಿದ್ದಂತೆಯೇ ಲೆಕ್ಕ.

ಪಾಲಿಬ್ಯುಟಿಲಿನ್ ಕಲಿಸಿದ ಪಾಠ

ಇದಕ್ಕೆ ಅತಿ ದೊಡ್ಡ ನಿದರ್ಶನ ಪಾಲಿಬ್ಯುಟಿಲಿನ್ ಪೈಪುಗಳ ಪ್ರಕರಣ. 1978ರಿಂದ 1995ರವರೆಗೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಈ ಪ್ಲಾಸ್ಟಿಕ್ ಪೈಪು ಅಳವಡಿಸಲಾಯಿತು. ತಾಮ್ರದ ಪೈಪಿಗಿಂತ ಅಗ್ಗ, ಬಾಗಿಸಲು ಸುಲಭ, ಜೋಡಿಸಲು ಕಡಿಮೆ ಸಮಯ. ಆದರೆ ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್, ಪೈಪನ್ನೂ ಅದರ ಪ್ಲಾಸ್ಟಿಕ್ ಜೋಡಣೆಗಳನ್ನೂ ಒಳಗಿನಿಂದಲೇ ಪೆಡಸಾಗಿಸುತ್ತಿತ್ತು. ಹೊರಗೆ ಯಾವ ಸುಳಿವೂ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಬಿರುಕು.

1995ರಲ್ಲಿ ಟೆನೆಸೀ ರಾಜ್ಯದ ಓಬಿಯಾನ್ ಕೌಂಟಿಯ ನ್ಯಾಯಾಲಯ ಈ ಪ್ರಕರಣದ ರಾಜಿಗೆ ಒಪ್ಪಿಗೆ ನೀಡಿತು. ಪೈಪಿನ ಕಚ್ಚಾವಸ್ತು ತಯಾರಿಸಿದ್ದ ಶೆಲ್ ಹಾಗೂ ಜೋಡಣೆಗಳ ಕಚ್ಚಾವಸ್ತು ತಯಾರಿಸಿದ್ದ ಹೋಕ್ಸ್ಟ್ ಸೆಲನೀಸ್ ಕಂಪನಿಗಳು 95 ಕೋಟಿ ಡಾಲರ್‌ಗಳ ನಿಧಿಗೆ ಒಪ್ಪಿದವು. ಡುಪಾಂಟ್ ಕಂಪನಿ ಪ್ರತ್ಯೇಕ ರಾಜಿ ಮಾಡಿಕೊಂಡಿತು. ಷರತ್ತುಗಳಿಗೆ ಒಳಪಟ್ಟು ಸೋರಿಕೆ ಸಾಬೀತಾದ ಮನೆಗೆ ಹೊಸ ಪೈಪು ಹಾಕಿಸಿಕೊಡುವುದು, ಆಸ್ತಿ ಹಾನಿಯ ವೆಚ್ಚ ಭರಿಸುವುದು ಒಪ್ಪಂದದ ತಿರುಳಾಗಿತ್ತು. ರಾಜಿಯ ದಿನ ಪೈಪು ಗಟ್ಟಿಯಾಗಿಯೇ ಇದ್ದು, ಕೆಲವು ವರ್ಷಗಳ ನಂತರ ಸೋರಿದ ಮನೆಗಳಿಗೂ ಇದರ ಲಾಭ ದೊರೆಯಿತು.

ಆದರೆ ಬಾಗಿಲು ಸದಾಕಾಲ ತೆರೆದಿರಲಿಲ್ಲ. ಪೈಪು ಅಳವಡಿಸಿದ ಇಂತಿಷ್ಟು ವರ್ಷಗಳೊಳಗೆ ಸೋರಿರಬೇಕೆಂಬ ನಿಯಮವಿತ್ತು. ಅರ್ಜಿ ಸ್ವೀಕಾರವೇ 2009ರಲ್ಲಿ ಮುಗಿಯಿತು. ಅಲ್ಲಿಯವರೆಗೆ ತಡೆದುಕೊಂಡ ಪೈಪು ಆ ಬಳಿಕ ಒಡೆದರೆ ಮಾಲೀಕನಿಗೆ ನಿಧಿಯಿಂದ ಚಿಕ್ಕಾಸೂ ಇಲ್ಲ. ಅಂತಹ ಮನೆಗಳು ಅಲ್ಲಿ ಇಂದಿಗೂ ಇವೆ. ಮಾರಲು ಹೋದರೆ ಬೆಲೆ ಇಳಿಯುತ್ತದೆ, ವಿಮೆ ನೀಡಲು ಕೆಲವು ಕಂಪನಿಗಳು ಹಿಂಜರಿಯುತ್ತವೆ.

ಸೋರದ ಪೈಪಿಗೂ ದೂರು

ಪೈಪು ಸೋರದೆ ದೂರು ಹೇಗೆ ಎಂಬ ಪ್ರಶ್ನೆಗೆ ಇನ್ನಷ್ಟು ಸ್ಪಷ್ಟ ಉತ್ತರ ಬಂದದ್ದು ಜರ್ನ್ ಪೆಕ್ಸ್ ಪ್ರಕರಣದಲ್ಲಿ. ಇಲ್ಲಿ ಪೈಪಿಗಿಂತ ಹೆಚ್ಚಾಗಿ ಅದನ್ನು ಜೋಡಿಸುವ ಹಿತ್ತಾಳೆಯ ಫಿಟ್ಟಿಂಗುಗಳು ಬಿರುಕು ಬಿಡುತ್ತಿದ್ದವು. ದೂರುದಾರರಲ್ಲಿ ಸೋರಿಕೆ ಅನುಭವಿಸಿದವರೂ ಇದ್ದರು, ಒಂದು ಹನಿಯೂ ಸೋರದವರೂ ಇದ್ದರು. ಸೋರದವರಿಗೆ ನಷ್ಟವೇ ಆಗಿಲ್ಲ ಎಂಬುದು ಕಂಪನಿಯ ವಾದ. ಬಿಗಿದು ನೀರು ಹರಿಸಿದ ಗಳಿಗೆಯಿಂದಲೇ ಲೋಹದೊಳಗೆ ಬಿರುಕಿನ ಪ್ರಕ್ರಿಯೆ ಶುರುವಾಗಿರುತ್ತದೆ, ಆದ್ದರಿಂದ ದೋಷ ಈಗಾಗಲೇ ಪ್ರಕಟವಾಗಿದೆ ಎಂಬುದು ಮಾಲೀಕರ ವಾದ. 2011ರಲ್ಲಿ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯವು, ಸೋರಿಕೆ ಕಾಣದ ಮನೆಗಳ ಮಾಲೀಕರೂ ಖಾತರಿ ಉಲ್ಲಂಘನೆಯ ದಾವೆಯಲ್ಲಿ ಸೇರಬಹುದೆಂಬ ಕೆಳ ನ್ಯಾಯಾಲಯದ ನಿಲುವನ್ನು ಎತ್ತಿಹಿಡಿಯಿತು. ಮುಂದೆ ಪ್ರಕರಣ 2 ಕೋಟಿ ಡಾಲರ್ ಮಿತಿಯ ರಾಜಿಯಲ್ಲಿ ಕೊನೆಗೊಂಡಿತು.

ಇಂದಿನವರು ಮತ್ತು ನಾಳಿನವರು

ಕೇಳಲು ಸೊಗಸಾದ ಈ ಏರ್ಪಾಡಿನೊಳಗೆ ಒಂದು ಕಗ್ಗಂಟಿದೆ. ಸರಳ ಲೆಕ್ಕವೊಂದನ್ನು ಗಮನಿಸಿ. ಒಂದೇ ಬಗೆಯ ದೋಷಪೂರಿತ ಪೈಪಿರುವ 100 ಮನೆಗಳಿವೆ, ನಿಧಿಯಲ್ಲಿ 50 ಲಕ್ಷ ರೂಪಾಯಿ ಇದೆ ಎಂದುಕೊಳ್ಳೋಣ. ಮೊದಲ ಎರಡು ವರ್ಷಗಳಲ್ಲಿ 25 ಮನೆಗಳು ಸೋರಿ, ತಲಾ 2 ಲಕ್ಷ ಪಡೆದರೆ ನಿಧಿ ಬರಿದು. ಐದನೇ ವರ್ಷ ಸೋರಿದ ಮನೆಗೆ ಏನೂ ಉಳಿದಿರುವುದಿಲ್ಲ. ಬದಲಿಗೆ ಎಲ್ಲರಿಗೂ ತಲಾ 50 ಸಾವಿರ ಹಂಚಿದರೆ ಎಲ್ಲರಿಗೂ ಸಿಕ್ಕಂತಾಯಿತು, ಯಾರಿಗೂ ಸಾಲದಾಯಿತು.

ಇಂದು ನಷ್ಟಕ್ಕೊಳಗಾದವರಿಗೆ ಕೈತುಂಬ ಹಣ ತಕ್ಷಣ ಬೇಕು. ನಾಳೆ ನಷ್ಟಕ್ಕೊಳಗಾಗುವವರಿಗೆ ನಿಧಿ ಉಳಿಯಬೇಕು, ಬೆಲೆ ಏರಿಕೆಗೆ ತಕ್ಕಂತೆ ಬೆಳೆಯಲೂಬೇಕು. ಇಬ್ಬರ ಪರವಾಗಿಯೂ ಒಂದೇ ವಕೀಲರ ತಂಡ ಚೌಕಾಸಿ ಮಾಡಿದರೆ ನ್ಯಾಯವಾಗುವುದೇ? ಆಸ್ಬೆಸ್ಟಾಸ್ ಧೂಳಿಗೆ ಒಡ್ಡಿಕೊಂಡಿದ್ದರೂ ಇನ್ನೂ ಕಾಯಿಲೆ ಬೀಳದವರನ್ನೂ ಒಳಗೊಂಡಿದ್ದ ಆಮ್‌ಕೆಮ್ ರಾಜಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪದಿರಲು ಈ ಹಿತಾಸಕ್ತಿಗಳ ಘರ್ಷಣೆಯೇ ಒಂದು ಮುಖ್ಯ ಕಾರಣ. 1999ರ ಆರ್ಟಿಜ್ ಪ್ರಕರಣದಲ್ಲಿಯೂ ಇಂತಹದೇ ಆಕ್ಷೇಪ ಎದುರಾಯಿತು. ತನಗೆ ಕುತ್ತು ಕಾದಿದೆ ಎಂದೇ ತಿಳಿಯದವನಿಗೆ ನೋಟಿಸ್ ಕಳಿಸಿ ಏನು ಫಲ ಎಂಬ ಪ್ರಶ್ನೆಯೂ ಅಂದು ಎದ್ದಿತ್ತು.

ಪೈಪಿನ ವಿಷಯ ರೋಗಕ್ಕಿಂತ ಸ್ವಲ್ಪ ಸುಲಭ. ಯಾವ ಪೈಪು ಎಂಬುದನ್ನು ಅದರ ಮೇಲಿನ ಅಚ್ಚಿನಿಂದಲೇ ಗುರುತಿಸಬಹುದು, ಹಾನಿಯನ್ನು ಹಣದಲ್ಲಿ ಅಳೆಯಬಹುದು. ಆದರೆ ಮನೆ ಕೈ ಬದಲಾಗುತ್ತದೆ. ರಾಜಿಯಾದಾಗ ಮಾಲೀಕನಾಗಿದ್ದವನು ಒಬ್ಬ, ಪೈಪು ಸೋರುವಾಗ ಇರುವವನು ಇನ್ನೊಬ್ಬ. ಹೀಗಾಗಿ ಹಕ್ಕು ಮನೆಯ ಜತೆ ಸಾಗುತ್ತದೆಯೇ ಎಂಬುದನ್ನು ಒಪ್ಪಂದದಲ್ಲಿಯೇ ಬರೆಯಬೇಕಾಗುತ್ತದೆ.

ಕಾಲಮಿತಿ ಇನ್ನೊಂದು ತೊಡಕು. ಕೈಟೆಕ್ ಎಂಬ ಕೊಳವೆ ವ್ಯವಸ್ಥೆಯ ಸಂಬಂಧ ಅಮೆರಿಕ ಮತ್ತು ಕೆನಡಾಗಳಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ರಾಜಿಯ ಮೊತ್ತ 12.5 ಕೋಟಿ ಡಾಲರ್. ಅದರ ಹಿತ್ತಾಳೆ ಫಿಟ್ಟಿಂಗುಗಳಿಂದ ಸತು ಕರಗಿ ಹೋಗಿ ಲೋಹ ಟೊಳ್ಳಾಗುತ್ತದೆ ಎಂಬುದು ಮುಖ್ಯ ದೂರು. ಅರ್ಜಿ ಸಲ್ಲಿಕೆಗೆ 2020ರ ಜನವರಿಯವರೆಗೆ ಅವಕಾಶವಿತ್ತು. ಗಡುವು ಎಷ್ಟೇ ದೀರ್ಘವಾಗಿರಲಿ, ಲೋಹಕ್ಕೆ ಅದರ ಪರಿವೆ ಇರುವುದಿಲ್ಲ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಇಷ್ಟು ವಿಸ್ತಾರವಾದ ಸಾಮೂಹಿಕ ರಾಜಿಯ ಪದ್ಧತಿ ಬೆಳೆದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಕಲಮಿನನ್ವಯ, ಸಮಾನ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಕೆಲವರು ಆಯೋಗದ ಅನುಮತಿ ಪಡೆದು ದೂರು ನೀಡಬಹುದು. ಆದರೆ ಸಮಾನ ಹಿತಾಸಕ್ತಿ ಎಂದು ಬರೆದರೆ ಸಾಲದು, ತೋರಿಸಬೇಕು. ಬೆಂಗಳೂರಿನ 1,134 ಫ್ಲಾಟುಗಳ ವಸತಿ ಸಮುಚ್ಚಯವೊಂದರಲ್ಲಿ ಸ್ವಾಧೀನ ವಿಳಂಬದ ಬಗ್ಗೆ 91 ಖರೀದಿದಾರರು ಸಲ್ಲಿಸಿದ್ದ ದೂರಿನಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಎಲ್ಲರ ಪರವಾದ ದೂರಾಗಿ ಅದನ್ನು ಒಪ್ಪದಿದ್ದರೂ, ಆ ಖರೀದಿದಾರರ ಜಂಟಿ ದೂರಾಗಿ ಮುಂದುವರಿಸಲು ಅವಕಾಶ ನೀಡಿತು.

ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೇ ಕಲಮು ಫ್ಲಾಟು ಮಾಲೀಕರಿಗೆ ಇನ್ನೊಂದು ಆಸರೆ. ಸ್ವಾಧೀನ ನೀಡಿದ ದಿನದಿಂದ 5 ವರ್ಷಗಳೊಳಗೆ ರಚನೆ, ಕಾಮಗಾರಿ ಅಥವಾ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನಗಳೊಳಗೆ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ತೆರಬೇಕು. ಗ್ರಾಹಕ ಆಯೋಗಕ್ಕೆ ದೂರು ನೀಡಲು ಇರುವ ಸಾಮಾನ್ಯ ಕಾಲಾವಕಾಶ, ಕಾರಣ ಹುಟ್ಟಿದ ದಿನದಿಂದ 2 ವರ್ಷ. ಗೋಡೆಯೊಳಗಿನ ಪೈಪು ಆರನೇ ವರ್ಷ ಒಡೆದರೆ 14(3)ರ ಆಸರೆ ಸಿಗುವುದು ಕಷ್ಟ.

ಆದ್ದರಿಂದ ಎಚ್ಚರ ಇಲ್ಲಿಂದಲೇ ಆರಂಭವಾಗಬೇಕು. ಒಂದು ಮನೆಯಲ್ಲಿ ಜೋಡಣೆ ಬಿರುಕು ಬಿಟ್ಟರೆ ಪ್ಲಂಬರ್‌ನನ್ನು ಕರೆಸಿ ತೇಪೆ ಹಾಕಿಸಿ ಮರೆತುಬಿಡುವುದು ನಮ್ಮ ರೂಢಿ. ಅಮೆರಿಕದ ಪ್ರಕರಣಗಳು ಹೇಳುವುದು ಬೇರೆ. ತೆಗೆದ ತುಂಡು, ಅದರ ಮೇಲಿನ ಅಚ್ಚು, ಛಾಯಾಚಿತ್ರ, ದುರಸ್ತಿಯ ರಸೀದಿ, ದಿನಾಂಕ, ಇವೆಲ್ಲ ಮುಂದಿನ ಸೋರಿಕೆಗೆ ಸಾಕ್ಷಿಗಳು. ನಿವಾಸಿಗಳ ಸಂಘ ಒಂದು ದಾಖಲೆ ಪುಸ್ತಕವಿಟ್ಟು, ಯಾವ ಮನೆಯಲ್ಲಿ ಯಾವ ಜೋಡಣೆ ಯಾವಾಗ ಸೋರಿತು ಎಂದು ಬರೆದಿಟ್ಟರೆ ದೋಷ ಒಬ್ಬರದೋ ಎಲ್ಲರದೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಎಲ್ಲರದೆಂದು ತಿಳಿದರೆ ಐದು ವರ್ಷ ತುಂಬುವ ಮೊದಲೇ ಬಿಲ್ಡರ್‌ಗೆ ಲಿಖಿತವಾಗಿ ತಿಳಿಸಬೇಕು, ಪೈಪು ಇನ್ನೂ ಸೋರದ ಮನೆಯವರೂ ಆ ಪತ್ರಕ್ಕೆ ಸಹಿ ಹಾಕಬೇಕು.