ರಾಜಗುರುವಿನ ವಿರುದ್ಧ ಎತ್ತಿದ ಕತ್ತಿ

ಸೇಲಂನಿಂದ ಏರ್ಕಾಡು ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಟಿ. ಆರ್. ಸುಂದರಂ ಅವರು 1930ರ ದಶಕದಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್, ಹೆಸರಿನಿಂದ ಚಿತ್ರಮಂದಿರವೆನಿಸಿದರೂ ವಾಸ್ತವದಲ್ಲಿ ಚಿತ್ರಗಳನ್ನು ತಯಾರಿಸುವ ಸ್ಟುಡಿಯೊ ಆಗಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜವಳಿ ತಂತ್ರಜ್ಞಾನ ಓದಿ ಬಂದಿದ್ದ ಸುಂದರಂ, ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ (1938) ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಗಳನ್ನು ತೆಗೆದರು. ತಮಿಳಿನ ಜೊತೆಗೆ ಕನ್ನಡ, ತೆಲುಗು, ಸೌರಾಷ್ಟ್ರ ಮನೆಮಾತಾಗಿರುವ ನೇಕಾರ ಕುಟುಂಬಗಳೂ ನೆಲೆಸಿರುವ ಈ ಊರಿನಲ್ಲಿ ತಯಾರಾದ ಕತ್ತಿವರಸೆಯ ಚಿತ್ರಗಳನ್ನು ಕೇವಲ ಮನರಂಜನೆಯೆಂದು ಬದಿಗಿಡಲಾಗದು. ಅವುಗಳ ಹಿಂದೆ ಆ ಕಾಲದ ಒಂದು ದೊಡ್ಡ ರಾಜಕೀಯ ವಾದವಿತ್ತು.

ಪೆರಿಯಾರರ ದ್ರಾವಿಡರ್ ಕಳಗದಿಂದ ಹೊರಬಂದ ಸಿ. ಎನ್. ಅಣ್ಣಾದುರೈ ಅವರು 1949ರ ಸೆಪ್ಟೆಂಬರಿನಲ್ಲಿ ದ್ರಾವಿಡ ಮುನ್ನೇಟ್ರ ಕಳಗವನ್ನು ಸ್ಥಾಪಿಸಿದರು. ಪುರೋಹಿತಶಾಹಿಯನ್ನೂ ಮೂಢನಂಬಿಕೆಯನ್ನೂ ವಿರೋಧಿಸುವುದು ಈ ದ್ರಾವಿಡ ಚಳವಳಿಯ ಮುಖ್ಯ ನಿಲುವಾಗಿತ್ತು. ಮರುವರ್ಷ ತೆರೆಕಂಡ ಮಾಡರ್ನ್ ಥಿಯೇಟರ್ಸ್‌ನ ‘ಮಂತ್ರಿ ಕುಮಾರಿ’ಗೆ ಸಂಭಾಷಣೆ ಬರೆದವರು ಅದೇ ಪಕ್ಷದ ಯುವ ಲೇಖಕ ಎಂ. ಕರುಣಾನಿಧಿ, ಸೇನಾಪತಿ ವೀರಮೋಹನನಾಗಿ ಕತ್ತಿ ಹಿಡಿದವರು ಎಂ. ಜಿ. ರಾಮಚಂದ್ರನ್ (ಎಂಜಿಆರ್). ನಿರ್ದೇಶನವನ್ನು ಅಮೆರಿಕದ ಎಲ್ಲಿಸ್ ಡಂಗನ್ ಮತ್ತು ಸುಂದರಂ ಹಂಚಿಕೊಂಡಿದ್ದರು.

ಕೆಲವೇ ಪದ್ಯಗಳು ಉಳಿದಿರುವ ‘ಕುಂಡಲಕೇಶಿ’ ಎಂಬ ತಮಿಳು ಬೌದ್ಧ ಕಾವ್ಯದ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ, ರಾಜನನ್ನು ಅಂಗೈಯಲ್ಲಿಟ್ಟುಕೊಂಡ ರಾಜಗುರು ತನ್ನ ಮಗ ಪಾರ್ಥಿಬನನ್ನು ಸೇನಾಪತಿ ಮಾಡಲು ಹವಣಿಸುತ್ತಾನೆ, ಆ ಪದವಿ ಕೈತಪ್ಪಿದ ಮಗನೋ ಗುಟ್ಟಾಗಿ ದರೋಡೆಗಿಳಿಯುತ್ತಾನೆ. ವೀರಮೋಹನ ಅವನನ್ನು ಹಿಡಿದು ತಂದಾಗ ವಿಚಾರಣೆ ದೇವಿಯ ಸನ್ನಿಧಿಗೆ ಬರುತ್ತದೆ. ಪಾರ್ಥಿಬನಿಗೆ ಮನಸೋತ ಮಂತ್ರಿಯ ಮಗಳು ಅಮುದವಲ್ಲಿ ವಿಗ್ರಹದ ಹಿಂದೆ ಅಡಗಿ ನಿಂತು ಅವನು ನಿರಪರಾಧಿಯೆಂದು ನುಡಿಯುತ್ತಾಳೆ, ರಾಜ ಅದನ್ನು ದೇವಿಯ ವಾಣಿಯೆಂದೇ ನಂಬಿ ಕಳ್ಳನನ್ನು ಬಿಟ್ಟು ಸೇನಾಪತಿಯನ್ನು ಗಡೀಪಾರು ಮಾಡುತ್ತಾನೆ. ದೇವರ ಹೆಸರಿನಲ್ಲಿ ಮಾತನಾಡುವವರು ಯಾರು, ಅದರಿಂದ ಲಾಭ ಯಾರಿಗೆ ಎಂಬ ಚಳವಳಿಯ ಪ್ರಶ್ನೆ ಇಲ್ಲಿ ಭಾಷಣವಾಗದೆ ಕಥೆಯ ತಿರುವೇ ಆಗಿಬಿಡುತ್ತದೆ.

ಕತ್ತಿವರಸೆಗೆ ಹೆಸರಾದ ಈ ಚಿತ್ರದಲ್ಲಿ ಖಳನಿಗೆ ಅಂತಿಮ ಶಿಕ್ಷೆ ಕೊಡುವುದು ಕತ್ತಿಯಲ್ಲ, ಅವನನ್ನು ಮದುವೆಯಾಗಿ ಮೋಸಹೋದ ಅಮುದವಲ್ಲಿಯ ಕೈ ಎಂಬುದು ಇನ್ನೂ ಮುಖ್ಯವಾದ ಸಂಗತಿ. ತನ್ನನ್ನು ಕೊಲ್ಲಲೆಂದೇ ಬೆಟ್ಟದ ತುದಿಗೆ ಕರೆತಂದ ಗಂಡನನ್ನು ಸಾಯುವ ಮುನ್ನ ಮೂರು ಸುತ್ತು ಪ್ರದಕ್ಷಿಣೆ ಮಾಡಲು ಅವಕಾಶ ಬೇಡುವ ಅಮುದವಲ್ಲಿ, ಸುತ್ತುತ್ತ ಹಿಂದೆ ಬಂದು ಅವನನ್ನು ಪ್ರಪಾತಕ್ಕೆ ನೂಕುತ್ತಾಳೆ. ಪತಿಭಕ್ತಿಯ ಆಚರಣೆಯೇ ಆತ್ಮರಕ್ಷಣೆಯ ಉಪಾಯವಾಗುವ ಈ ದೃಶ್ಯದ ದಿಟ್ಟತನ ಇಂದಿಗೂ ಮಾಸಿಲ್ಲ.

ಆದರೆ ಸೇಲಂನ ಈ ಚಿತ್ರಗಳಿಗೆ ಒಂದು ಮಿತಿಯೂ ಇತ್ತು. ಮರುವರ್ಷದ ‘ಸರ್ವಾಧಿಕಾರಿ’ಯಲ್ಲಿ ಸಿಂಹಾಸನಕ್ಕೆ ಹೊಂಚುಹಾಕುವವನು ಮಂತ್ರಿ, ಅವನನ್ನು ತಡೆಯುವವನು ಎಂಜಿಆರ್ ಪಾತ್ರದ ವೀರ, ಎರಡರಲ್ಲೂ ರಾಜ ದುರ್ಬಲನೇ ಹೊರತು ದುಷ್ಟನಲ್ಲ, ಕೆಟ್ಟ ಸಲಹೆಗಾರ ತೊಲಗಿದರೆ ಅರಸೊತ್ತಿಗೆ ತಾನಾಗಿ ಸರಿಹೋಗುತ್ತದೆ ಎಂಬಂತೆ ಕಥೆ ಮುಗಿಯುತ್ತದೆ. ಕನ್ನಡದಲ್ಲಿ ರಾಜ್‌ಕುಮಾರ್ ನಟಿಸಿದ ‘ರಣಧೀರ ಕಂಠೀರವ’ (1960) ಇದೇ ಜಾಡಿನದು, ಅಲ್ಲಿ ದಳವಾಯಿ ವಿಕ್ರಮರಾಯ ಖಳನಾದರೆ ಕತ್ತಿ ಹಿಡಿದ ನಾಯಕ ಸ್ವತಃ ಮೈಸೂರಿನ ಅರಸು. ಏಕೀಕರಣವಾಗಿ ನಾಲ್ಕೇ ವರ್ಷ ಕಳೆದಿದ್ದ ನಾಡಿಗೆ ಆ ಅರಸು ಅಭಿಮಾನದ ಪ್ರತೀಕವಾಗಿ ಒದಗಿದ್ದರಿಂದ, ಪುರೋಹಿತಶಾಹಿಯನ್ನು ಕೆಣಕುವ ಸೇಲಂ ಚಿತ್ರಗಳ ಹರಿತ ಅದರ ಗುರಿಯಾಗಿರಲಿಲ್ಲ.

ಸೇಲಂನಲ್ಲಿ ಹೆಸರು ಗಳಿಸಿದ ಎಂಜಿಆರ್ 1950ರ ದಶಕದ ಆರಂಭದಲ್ಲಿ ಕರುಣಾನಿಧಿಯವರ ಪಕ್ಷವನ್ನೇ ಸೇರಿ, 1958ರಲ್ಲಿ ತಾವೇ ನಿರ್ಮಿಸಿ ನಿರ್ದೇಶಿಸಿದ ‘ನಾಡೋಡಿ ಮನ್ನನ್’ನಲ್ಲಿ ಆ ಮಿತಿಯನ್ನು ದಾಟಲು ಯತ್ನಿಸಿದರು. ಅಲ್ಲಿಯೂ ಖಳ ರಾಜಗುರುವೇ ಆದರೂ, ರಾಜನಂತೆಯೇ ಕಾಣುವ ಸಾಮಾನ್ಯನೊಬ್ಬ ಸಿಂಹಾಸನದಲ್ಲಿ ಕುಳಿತು ಬಡವರ ಪರವಾದ ಕಾನೂನುಗಳನ್ನು ಘೋಷಿಸುತ್ತಾನೆ. ಪಕ್ಷ 1967ರಲ್ಲಿ ಅಧಿಕಾರಕ್ಕೆ ಬಂತು, 1969ರಲ್ಲಿ ಸಂಭಾಷಣೆಕಾರ ಕರುಣಾನಿಧಿಯವರೂ, ಪಕ್ಷದಿಂದ ಬೇರೆಯಾದ ಮೇಲೆ 1977ರಲ್ಲಿ ನಟ ಎಂಜಿಆರ್ ಅವರೂ ಮುಖ್ಯಮಂತ್ರಿಗಳಾದರು.