ಅಂಗೈಯಗಲದ ಕಾರ್ಡು, ಗೋಡೆಯಗಲದ ಚಿತ್ರ

ಅಮೂರ್ತ ಕಲೆಯ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳು ಚಿತ್ರ ಮುದ್ರಿಸಿದ ಪೋಸ್ಟ್‌ಕಾರ್ಡುಗಳನ್ನು ತರುವುದುಂಟು. ಕಡಿಮೆ ಖರ್ಚಿನ ಒಳ್ಳೆಯ ಬೋಧನೋಪಕರಣವದು. ಆದರೆ ಪಾಠ ಎಡವುವುದೂ ಅಲ್ಲೇ. ನಾನು ವೀಕ್ಷಿಸಿದ ಎಂಟನೇ ತರಗತಿಯೊಂದರಲ್ಲಿ ಜಾಕ್ಸನ್ ಪೊಲಾಕ್ ಅವರ ಚಿತ್ರದ ಕಾರ್ಡು ಕೈಗೆ ಬಂದಾಗ ಹುಡುಗನೊಬ್ಬ, “ಟೀಚರ್, ಮಸಿ ಚೆಲ್ಲಿದ ಹಾಗಿದೆ” ಎಂದ. ತರಗತಿ ನಕ್ಕಿತು. “ಹಾಗನ್ನಬಾರದು, ಇದು ಪ್ರಸಿದ್ಧ ಚಿತ್ರ” ಎಂದು ಪ್ರಶಿಕ್ಷಣಾರ್ಥಿ ಮುಂದೆ ಸಾಗಿದರು. ಹುಡುಗ ಮತ್ತೆ ಬಾಯಿ ಬಿಡಲಿಲ್ಲ. ಅವನು ಕಂಡದ್ದನ್ನೇ ಹೇಳಿದ್ದ. ಕಾರ್ಡು ಏನನ್ನು ಬಿಟ್ಟಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಮೊದಲನೆಯದು ಗಾತ್ರ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಪೊಲಾಕ್ ಅವರ ‘ಒನ್: ನಂಬರ್ 31, 1950’ ಸುಮಾರು 5.3 ಮೀಟರ್ ಅಗಲ, 2.7 ಮೀಟರ್ ಎತ್ತರವಿದೆ. 15 ಸೆಂ.ಮೀ. ಕಾರ್ಡಿನಲ್ಲಿ ಅದರ ಅಗಲ 35ರಲ್ಲಿ ಒಂದು ಪಾಲಾಗುತ್ತದೆ. ಊರಿನ ದೃಶ್ಯವಾದರೆ ಎಷ್ಟು ಕುಗ್ಗಿದರೂ ಮರ, ಮನೆಗಳನ್ನು ನೋಡಿ ಮಗು ಅಳತೆಯನ್ನು ಊಹಿಸುತ್ತದೆ. ಅಮೂರ್ತ ಚಿತ್ರದಲ್ಲಿ ಅಂಥ ಗುರುತುಗಳಿಲ್ಲ. ಕಾರ್ಡಿನ ಅಳತೆಯೇ ಚಿತ್ರದ ಅಳತೆ ಎನಿಸಿಬಿಡುತ್ತದೆ.

ಎರಡನೆಯದು ಮೇಲ್ಮೈ. ಮೂಲದಲ್ಲಿ ಬಣ್ಣ ಕೆಲವೆಡೆ ಬಟ್ಟೆಗೆ ಇಂಗಿದೆ, ಕೆಲವೆಡೆ ಉಬ್ಬಿ ನಿಂತಿದೆ. ಕಾರ್ಡಿನಲ್ಲಿರುವುದು ನುಣುಪು ಕಾಗದ. ಭೂತಗನ್ನಡಿ ಹಿಡಿದರೆ ಮುದ್ರಣದ ಸಣ್ಣ ಬಣ್ಣದ ಚುಕ್ಕಿಗಳು ಕಾಣುತ್ತವೆ.

ಈ ಕೊರತೆಯನ್ನೇ ಪಾಠವಾಗಿಸಬಹುದು:

1. ಕಾರ್ಡು ಕೊಟ್ಟು, ಮೂಲ ಚಿತ್ರ ಎಷ್ಟು ದೊಡ್ಡದಿರಬಹುದು ಎಂದು ಬರೆಸಿ. ಉತ್ತರ ಹೇಳಬೇಡಿ.
2. ಅಂಗಳದಲ್ಲಿ ಟೇಪು ಹಿಡಿದು 5.3 × 2.7 ಮೀಟರಿನ ಆಯತವನ್ನು ಸೀಮೆಸುಣ್ಣದಲ್ಲಿ ಎಳೆಸಿ. 15 × 10 ಸೆಂ.ಮೀ. ಕಾರ್ಡುಗಳಿಂದ ಅದನ್ನು ಮುಚ್ಚಲು ಎಷ್ಟು ಬೇಕೆಂದು ಲೆಕ್ಕ ಹಾಕಿಸಿ. 950ಕ್ಕೂ ಹೆಚ್ಚು ಬೇಕಾಗುತ್ತವೆ.
3. ಪೊಲಾಕ್ ಬಟ್ಟೆಯನ್ನು ನೆಲಕ್ಕೆ ಹಾಸಿ, ಸುತ್ತ ನಡೆಯುತ್ತ ಬಣ್ಣ ಸುರಿಯುತ್ತಿದ್ದರು ಎಂದು ಈಗ ತಿಳಿಸಿ. ಮಕ್ಕಳೂ ಆಯತದ ಸುತ್ತ ನಡೆಯಲಿ. ರಂಗೋಲಿ ಹಾಕಿದವರಿಗೆ ಬಗ್ಗಿ, ಸರಿದು, ನೆಲದ ಮೇಲೆ ಗೆರೆ ಬಿಡುವ ಅನುಭವ ಹೊಸದಲ್ಲ.
4. ಮತ್ತೆ ಕಾರ್ಡು ನೋಡಿಸಿ, “ಈಗ ಏನು ಕಾಣುತ್ತದೆ?” ಎಂದು ಕೇಳಿ.

ಚಿತ್ರವನ್ನು ಮೆಚ್ಚಿಸುವುದು ಈ ಪಾಠದ ಉದ್ದೇಶವಲ್ಲ. ‘ಮಸಿ ಚೆಲ್ಲಿದ ಹಾಗಿದೆ’ ಎಂಬ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದುಕೊಂಡೇ ಪಾಠ ಆರಂಭಿಸಬಹುದು. ಚೆಲ್ಲಿದ್ದು ಹೇಗೆ, ಎಲ್ಲಿ ನಿಂತು, ಎಷ್ಟು ದೂರದಿಂದ ಎಂದು ಆ ಹುಡುಗನೇ ಮುಂದೆ ಕೇಳುವಂತಾದರೆ ಪಾಠ ಗೆದ್ದಂತೆ.